ಡಿಗ್ರಿ ಮುಗೀತಾ ಬಂತು, ಪೋರ್ಟ್‌ಫೋಲಿಯೊ ಹೇಗೆ ಮಾಡೋದು?

ಮೊನ್ನೆ ಗಾಳಿಮಳೆಗೆ ಕರೆಂಟ್ ಹೋಗಿದ್ದ ಒಂದು ಸಂಜೆ ಅಕ್ಕನ ಮಗಳು ದಪ್ಪ ಪ್ಲಾಸ್ಟಿಕ್ ಫೈಲ್ ಒಂದನ್ನ ಸೆರಗಲ್ಲಿ ಮುಚ್ಕೊಂಡು ನಮ್ಮನೆಗೆ ಬಂದ್ಲು. ಬಿಕಾಂ ಕೊನೇ ಸೆಮಿಸ್ಟರು. "ಮಾವ, ಇಂಟರ್‌ವ್ಯೂಗೆ ಪೋರ್ಟ್‌ಫೋಲಿಯೊ ತಗೊಂಡು ಬನ್ನಿ ಅಂದಿದ್ದಾರೆ, ಇದೇ ಅಲ್ವಾ?" ಅಂತ ಮೇಜಿನ ಮೇಲಿಟ್ಲು. ಬಿಚ್ಚಿ ನೋಡಿದ್ರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಂದ ಹಿಡಿದು ಎನ್ನೆಸ್ಸೆಸ್ ಕ್ಯಾಂಪು, ರಂಗೋಲಿ ಸ್ಪರ್ಧೆ, ಒಂದು ದಿನದ ವೆಬಿನಾರು, ಎಲ್ಲಾ ಸೇರಿ 31 ಸರ್ಟಿಫಿಕೇಟು. ಅವಳು ಮಾಡಿದ ಕೆಲಸ ಮಾತ್ರ ಅದರಲ್ಲಿ ಒಂದೂ ಇರಲಿಲ್ಲ.

ಇಲ್ಲೇ ಬಹಳ ಜನ ಎಡವೋದು. ರೆಸ್ಯೂಮೆ ಅಂದ್ರೆ ನಾನು ಇಂಥದ್ದು ಬಲ್ಲೆ ಅಂತ ಬಾಯಲ್ಲಿ ಹೇಳೋದು, ಪೋರ್ಟ್‌ಫೋಲಿಯೊ ಅಂದ್ರೆ ಮಾಡಿದ್ದನ್ನ ತೆಗೆದು ತೋರ್ಸೋದು. ಡಿಸೈನ್ ಓದಿದವರಿಗೆ, ಫೋಟೋ ತೆಗೆಯೋರಿಗೆ ಮಾತ್ರ ಇದು ಅನ್ನೋ ಕಾಲ ಹೋಯ್ತು, ಈಗ ಬಿಕಾಂ, ಬಿಎ, ಬಿಎಸ್ಸಿ ಓದಿದವರನ್ನೂ ಕೆಲವು ಕಡೆ ಕೇಳ್ತಾರೆ.

ಮೊದಲ ಕೆಲಸ, ಮೂರು ವರ್ಷದಲ್ಲಿ ಕೈಯಾರೆ ಏನೇನು ಮಾಡಿದ್ದೀರಿ ಅಂತ ಒಂದು ಹಾಳೆಯಲ್ಲಿ ಬರೀತಾ ಹೋಗಿ, ಒಳ್ಳೇದು ಕೆಟ್ಟದ್ದು ಅಂತ ಆಗಲೇ ತೂಗ್ಬೇಡಿ. ಕಾಲೇಜಿನ ಕೆಲಸ ಮಾತ್ರ ಅಲ್ಲ, ಮನೇದೂ ಸೇರ್ಲಿ. ನಮ್ಮ ಹುಡುಗಿ ಅರ್ಧ ಗಂಟೆ ಪೆನ್ನು ಕಚ್ಚಿ ಕೂತು ಆರು ಸಾಲು ಬರೆದ್ಲು, ಎಲ್ಲಾ ಸೆಮಿನಾರೇ. ಆಮೇಲೆ ಮಾತಿಗೆ ಮಾತು ಬಂದು ಗೊತ್ತಾಯ್ತು, ಎರಡು ವರ್ಷದಿಂದ ಅವರ ತೋಟದ ಕಾಫಿ ಕುಯ್ಲಿನ ಲೆಕ್ಕ ನೋಡ್ಕೊಳ್ತಿರೋದು ಇವಳೇ. ಸಂಜೆ ತೂಕ ಆದ್ಮೇಲೆ ಯಾರು ಎಷ್ಟು ಕೆಜಿ ಕುಯ್ದರು, ಅಡ್ವಾನ್ಸ್ ಎಷ್ಟು ತಗೊಂಡಿದ್ದಾರೆ, ವಾರದ ಬಟವಾಡೆ ಎಷ್ಟು, ಎಲ್ಲಾ ಎಕ್ಸೆಲ್ ಶೀಟಲ್ಲಿ. "ಇದನ್ಯಾಕೆ ಬರೀಲಿಲ್ಲ?" ಅಂದ್ರೆ "ಅಯ್ಯೋ ಮಾವ, ಅದು ಮನೆ ಕೆಲ್ಸ ಅಲ್ವಾ" ಅಂತಾಳೆ! ಅಕೌಂಟ್ಸ್ ಕೆಲಸಕ್ಕೆ ಹೋಗೋ ಹುಡುಗಿ ಹತ್ರ ನಿಜವಾದ ದುಡ್ಡಿನ, ನಿಜವಾದ ಜನರ ಎರಡು ಸೀಸನ್ ಲೆಕ್ಕ ಇದೆ, ಅದನ್ನ ಬಿಟ್ಟು ರಂಗೋಲಿ ಸರ್ಟಿಫಿಕೇಟ್ ಇಟ್ಕೊಂಡಿದ್ದಾಳೆ. ಮನೇಲಿ ಹೋಮ್‌ಸ್ಟೇ ಇದ್ದು ಬುಕಿಂಗ್ ನೋಡ್ತಿದ್ದರೆ, ಅಂಗಡಿ ಜಿಎಸ್‌ಟಿ ಬಿಲ್ ಹಾಕ್ತಿದ್ದರೆ, ಊರಿನ ಹಾಕಿ ಟೂರ್ನಮೆಂಟಿಗೆ ಪೋಸ್ಟರ್ ಮಾಡಿದ್ದರೆ ಅದೂ ಹಾಳೆ ಮೇಲೆ ಬರ್ಬೇಕು.

ಈಗ ಹಾಳೆಯಿಂದ ನಾಲ್ಕೈದು ಮಾತ್ರ ಆರ್ಸಿ. ಹೆಚ್ಚಂದ್ರೆ ಆರು. ಯಾವ ಕೆಲಸಕ್ಕೆ ಅರ್ಜಿ ಹಾಕ್ತಿದ್ದೀರೋ ಅದಕ್ಕೆ ಹತ್ರ ಇರೋದು ಮುಂದೆ.

ಆಮೇಲಿನದೇ ಅಸಲಿ ಕೆಲಸ, ಒಂದೊಂದಕ್ಕೂ ಒಂದು ಪುಟ ಬರೆಯೋದು. ಏನು ತೊಂದರೆ ಇತ್ತು, ನಾನು ಏನು ಮಾಡ್ದೆ, ಏನಾಯ್ತು, ಇಷ್ಟು ಇದ್ದರೆ ಸಾಕು, ಜೊತೆಗೊಂದು ಫೋಟೋನೋ ಸ್ಕ್ರೀನ್‌ಶಾಟೋ. ಅವಳು ಮೊದಲು ಬರೆದಿದ್ದು "ಎಕ್ಸೆಲ್‌ನಲ್ಲಿ ಉತ್ತಮ ಪರಿಣತಿ ಹೊಂದಿದ್ದೇನೆ" ಅಂತ. ಯಾರು ನಂಬ್ತಾರೆ? ಕೊನೆಗೆ ಆಗಿದ್ದು ಹೀಗೆ: "ಮನೆ ತೋಟದ ಕುಯ್ಲು ಲೆಕ್ಕ. 14 ಜನರ ದಿನದ ತೂಕ, ಅಡ್ವಾನ್ಸು, ವಾರದ ಬಟವಾಡೆ ಒಂದೇ ಶೀಟಲ್ಲಿ. ಪುಸ್ತಕದಲ್ಲಿ ಕೂಡಿ ಕಳೆಯೋಕೆ ಮೊದಲು ಇಡೀ ಸಂಜೆ ಬೇಕಿತ್ತು, ಈಗ ಅರ್ಧ ಗಂಟೆ. ಸೂತ್ರ ಹಾಕಿದ್ದು ನಾನು, ತೂಕ ಬರೆದಿದ್ದು ಅಮ್ಮ." ಆ ಕೊನೇ ಸಾಲು ಅವಳೇ ಸೇರಿಸಿದ್ದು, ನಂಗೆ ತುಂಬಾ ಹಿಡಿಸ್ತು. ಸ್ಕ್ರೀನ್‌ಶಾಟಲ್ಲಿ ಕೆಲಸದವರ ಹೆಸರು ತೆಗೆದು 1, 2, 3 ಅಂತ ಹಾಕಿಸ್ದೆ. ಬೇರೆಯವರ ಹೆಸರು, ಫೋನ್ ನಂಬರು, ಇಂಟರ್ನ್‌ಶಿಪ್ ಮಾಡಿದ ಕಡೆಯ ಒಳಗಿನ ಕಾಗದ, ಇವನ್ನ ಕೇಳದೆ ಹಾಕ್ಬಾರ್ದು. ನಿಮ್ಮ ಆಧಾರ್ ನಂಬರಂತೂ ಪೋರ್ಟ್‌ಫೋಲಿಯೊದಲ್ಲಿ ಬೇಡವೇ ಬೇಡ.

ಫೈನಲ್ ಇಯರ್ ಪ್ರಾಜೆಕ್ಟ್ ವಿಷಯಕ್ಕೆ ಬಂದ್ರೆ, ಬೈಂಡ್ ಮಾಡಿಸಿದ 64 ಪುಟ ಯಾರೂ ಓದಲ್ಲ. ಇವಳ ಗುಂಪಿಂದು ಸಣ್ಣ ಕಾಫಿ ಬೆಳೆಗಾರರ ಖರ್ಚಿನ ಮೇಲೆ, ನಾಲ್ಕು ಜನ ಸೇರಿ ಮಾಡಿದ್ದು. ಗುಂಪಿನ ಕೆಲಸ ಆದ್ರೆ ನಿಮ್ಮ ಪಾಲು ಎಷ್ಟು ಅಂತ ಬಾಯಿಬಿಟ್ಟು ಹೇಳಿ, ಇಂಟರ್‌ವ್ಯೂನಲ್ಲಿ ಮೊದಲು ಕೇಳೋದೇ ಅದು. ಇವಳು 11 ಬೆಳೆಗಾರರ ಹತ್ರ ಹೋಗಿ ಮಾತಾಡಿದ್ದಾಳೆ. ರೊಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ರೇಟು ಕೇಳಿದ್ರೆ ಕೆಲವರು 50 ಕೆಜಿ ಚೀಲಕ್ಕೆ ಹೇಳಿದ್ದಾರೆ, ಕೆಲವರು ಔಟ್‌ಟರ್ನ್ (ಚೀಲದಿಂದ ಎಷ್ಟು ಕೆಜಿ ಬೇಳೆ ಸಿಗತ್ತೆ ಅನ್ನೋ) ಲೆಕ್ಕದಲ್ಲಿ ಹೇಳಿದ್ದಾರೆ, ಎರಡನ್ನೂ ಒಂದೇ ಕಾಲಮ್ಮಲ್ಲಿ ತುಂಬಿ ಸರಾಸರಿ ತೆಗೆದ್ರೆ ಏನೇನೋ ಬರ್ತಿತ್ತು, ಆಮೇಲೆ ಫೋನ್ ಮಾಡಿ ಎಲ್ಲಾ ಮತ್ತೆ ಕೇಳಿ ಸರಿಮಾಡಿದ್ದಾಳೆ. ಇದನ್ನ ಮುಚ್ಚಿಡೋಣ ಅಂತಿದ್ಲು. ನಾನು ಇದನ್ನೇ ಮುಂದೆ ಹಾಕು ಅಂದೆ. ಒಂದು ಗ್ರಾಫು, ಐದು ಸಾಲು, ಈ ತಪ್ಪು, ಅದನ್ನ ತಿದ್ದಿದ ಬಗೆ, ಪ್ರಾಜೆಕ್ಟಿಗೆ ಅಷ್ಟು ಸಾಕು.

ಬೇರೆ ಕೋರ್ಸಿನವರಿಗೆ ವಸ್ತು ಬೇರೆ, ದಾರಿ ಇದೇ. ಬಿಎಡ್ ಆದ್ರೆ ಪಾಠ ಯೋಜನೆ, ಮಕ್ಕಳಿಗೆ ಮಾಡಿದ ಕಲಿಕೋಪಕರಣದ ಫೋಟೋ (ಮಕ್ಕಳ ಮುಖ ಬೇಡ). ಪೊನ್ನಂಪೇಟೆಯಲ್ಲಿ ಫಾರೆಸ್ಟ್ರಿ ಓದೋರಿಗೆ ಫೀಲ್ಡ್ ನೋಟ್‌ಬುಕ್ಕೇ ಚಿನ್ನ, ಎರಡು ಪುಟ ಹಾಗೇ ಸ್ಕ್ಯಾನ್ ಮಾಡಿ. ಕಂಪ್ಯೂಟರ್ ಸೈನ್ಸಿನವರು ಗಿಟ್‌ಹಬ್ ಲಿಂಕ್ ಕೊಟ್ಟು ಕೈ ತೊಳ್ಕೊಳ್ತಾರೆ, ಆ ಪ್ರೋಗ್ರಾಂ ಏನು ಮಾಡತ್ತೆ ಅಂತ ರೀಡ್‌ಮಿ ಫೈಲಲ್ಲಿ ನಾಲ್ಕು ಸಾಲು ಇರಲ್ಲ.

ಪತ್ರಿಕೋದ್ಯಮ, ಕನ್ನಡ ಎಂಎ ಕಡೆಯವರು ಒಂದು ಗಮನಿಸಿ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನ ಹಾಗೇ ಕಳಿಸಿದ್ರೆ ಆ ಕಡೆ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲಾಂದ್ರೆ ನಿಮ್ಮ ಲೇಖನ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಆಗಿ ಕಾಣತ್ತೆ. ಯುನಿಕೋಡಿಗೆ ಬದಲಾಯಿಸಿ, ಒತ್ತಕ್ಷರ ಎಲ್ಲಾ ಸರಿ ಬಂದಿದೆಯಾ ಅಂತ ಒಂದ್ಸಲ ಪೂರ್ತಿ ಓದಿ, ಆಮೇಲೆ ಪಿಡಿಎಫ್ ಮಾಡಿ.

ಪಿಡಿಎಫ್ಫೇ ಎಲ್ಲರಿಗೂ ಸುಲಭ. ವೆಬ್‌ಸೈಟ್ ಬೇಕಂದ್ರೆ ಗೂಗಲ್ ಸೈಟ್ಸ್‌ನಲ್ಲಿ ಬಿಟ್ಟಿ ಮಾಡ್ಬಹುದು, ಆದ್ರೆ ಮೊದಲು ಪಿಡಿಎಫ್. ಜಿಮೇಲಲ್ಲಿ 25 ಎಂಬಿ ತನಕ ಅಟ್ಯಾಚ್ ಆಗತ್ತೆ, ಆದ್ರೂ 5 ಎಂಬಿ ಒಳಗೆ ಇಳಿಸಿ, ತೆರೆಯೋರ ಫೋನಿಗೂ ಸಿಗ್ನಲ್ ಬೇಕಲ್ವಾ. ಫೋಟೋಗಳನ್ನ ವಾಟ್ಸಾಪಲ್ಲಿ ಮಾಮೂಲಿ ಕಳಿಸಿ ತರಿಸ್ಕೊಂಡ್ರೆ ಮಸುಕಾಗತ್ತೆ, ಡಾಕ್ಯುಮೆಂಟ್ ಅಂತ ಆರಿಸಿ ಕಳ್ಸಿ. ಡ್ರೈವ್ ಲಿಂಕ್ ಕೊಡೋದಾದ್ರೆ ಲಿಂಕ್ ಇರೋರು ಯಾರಾದ್ರೂ ನೋಡ್ಬಹುದು ಅನ್ನೋ ಹಾಗೆ ಸೆಟ್ಟಿಂಗ್ ಬದಲಾಯಿಸಿ, ನಿಮ್ಮ ಲಾಗಿನ್ ಇಲ್ಲದ ಇನ್ನೊಬ್ಬರ ಫೋನಲ್ಲಿ ತೆರೆದು ನೋಡಿ. ಕಾಲೇಜು ಕೊಟ್ಟ ಮೇಲ್ ಐಡಿಯಲ್ಲಿ ಏನಾದ್ರೂ ಇಟ್ಟಿದ್ರೆ ಟಿಸಿ ತಗೊಳ್ಳೋ ಮುಂಚೆನೇ ಸ್ವಂತ ಅಕೌಂಟಿಗೆ ಇಳಿಸ್ಕೊಳ್ಳಿ, ಆಮೇಲೆ ಅದು ಯಾವತ್ತು ಬಂದ್ ಆಗತ್ತೋ ಹೇಳಕ್ಕಾಗಲ್ಲ.

ಹಾಗಾದ್ರೆ ಆ 31 ಸರ್ಟಿಫಿಕೇಟ್ ಏನು ಮಾಡೋದು? ಕೆಲಸಕ್ಕೆ ಸಂಬಂಧ ಇರೋ ಮೂರ್ನಾಲ್ಕರ ಹೆಸರು ಕೊನೇ ಪುಟದಲ್ಲಿ ಬರೆದ್ರೆ ಸಾಕು. ಅಸಲು ಮಾತ್ರ ಜೋಪಾನ. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಬೀರುವಲ್ಲಿಟ್ಟ ಕಾಗದಕ್ಕೂ ಬೂಷ್ಟು ಬರತ್ತೆ. ಹಾಗಂತ ಲ್ಯಾಮಿನೇಷನ್ ಮಾಡಿಸ್ಬೇಡಿ, ಮುಂದೆ ಅದರ ಮೇಲೆ ಸೀಲು ಸಹಿ ಹಾಕಿಸೋಕೆ ಹೋದಾಗ ಕಷ್ಟ. ಪ್ಲಾಸ್ಟಿಕ್ ಕವರಲ್ಲಿ ಹಾಕಿ ಮಳೆಗಾಲದಲ್ಲಿ ಆಗಾಗ ತೆಗೆದು ಒಲೆ ಇರೋ ಕೋಣೆಯ ಬೆಚ್ಚಗಿನ ಜಾಗದಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೀರಿ. ಡಿಜಿಲಾಕರಲ್ಲಿ ಮಾರ್ಕ್ಸ್ ಕಾರ್ಡ್ ಬಂದಿದ್ರೆ ಅದನ್ನೂ ಇಳಿಸಿಟ್ಕೊಳ್ಳಿ.

ಮುಗಿದ ಮೇಲೆ ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಫೋನ್ ಕೊಟ್ಟು ಎರಡು ನಿಮಿಷ ನೋಡೋಕೆ ಹೇಳಿ, ಆಮೇಲೆ "ನಾನು ಏನು ಮಾಡ್ತೀನಿ ಅಂತ ಅನ್ಸ್ತು?" ಅಂತ ಕೇಳಿ. ನಮ್ಮನೇಲಿ ಓದಿದ್ದು ನನ್ನ ಹೆಂಡತಿ. "ಲೆಕ್ಕ ಚೆನ್ನಾಗಿ ಇಡ್ತಾಳೆ, ಆದ್ರೆ ಈ ಮೂರನೇ ಪುಟ ಯಾಕಿದೆ?" ಅಂದ್ಲು. ಮೂರನೇ ಪುಟ ತೆಗೆದ್ವಿ, ವೆಬಿನಾರಿಂದು.

ಒಂದು ಪ್ರತಿ ಫೋನಲ್ಲೇ ಇರ್ಲಿ, ಒಂದು ಪೆನ್‌ಡ್ರೈವಲ್ಲಿ, ಒಂದು ಪ್ರಿಂಟು. ಆನ್‌ಲೈನ್ ಇಂಟರ್‌ವ್ಯೂ ಮಧ್ಯೆ ಕರೆಂಟೂ ಟವರೂ ಒಟ್ಟಿಗೇ ಹೋಗೋದು ನಮಗೇನು ಹೊಸದಲ್ಲ, ಮಳೆಗಾಲದಲ್ಲಿ ಇಂಟರ್‌ವ್ಯೂ ಇದ್ದರೆ ಹಿಂದಿನ ದಿನವೇ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ನೆಂಟರ ಮನೆ ಸೇರ್ಕೊಳ್ಳಿ. ಫೈಲಿಗೆ "ಫೈನಲ್ ಫೈನಲ್ 2" ಅಂತ ಹೆಸರಿಡೋ ಬದಲು ನಿಮ್ಮ ಹೆಸರು, ಕೋರ್ಸು, ವರ್ಷ ಹಾಕಿ. ಮೇಲಲ್ಲಿ ಯಾವ ಕೆಲಸಕ್ಕೆ ಅರ್ಜಿ, ಯಾವ ಪುಟ ಮೊದಲು ನೋಡ್ಬೇಕು, ಇಷ್ಟು ಮೂರ್ನಾಲ್ಕು ಸಾಲಲ್ಲಿ ಬರೆದು, ಫೈಲ್ ನಿಜವಾಗ್ಲೂ ಅಟ್ಯಾಚ್ ಆಗಿದೆಯಾ ಅಂತ ನೋಡಿ ಕಳ್ಸಿ. ಇವಳು ಮೊದಲ ಸಲ ಖಾಲಿ ಮೇಲ್ ಕಳಿಸಿದ್ಲು.