ಮುಟ್ಟಿನ ಕಪ್ ಕೊಳ್ಳುವ ಮುನ್ನ ಬೆರಳಳತೆ

ಮೂವತ್ತರೊಳಗಿನವರಿಗೆ, ಹೆರಿಗೆ ಆಗದವರಿಗೆ ಚಿಕ್ಕದು, ಉಳಿದವರಿಗೆ ದೊಡ್ಡದು. ಸಾಮಾನ್ಯವಾಗಿ, ಸ್ರಾವ ಹಿಡಿಯಲು ಯೋನಿಯೊಳಗೆ ಇಡುವ ಮುಟ್ಟಿನ ಕಪ್‌ನ ಡಬ್ಬಿಯ ಮೇಲೆ ಇರುವುದು ಇಷ್ಟೇ. ವಯಸ್ಸು ಕೇಳಿ ಬ್ಲೌಸ್ ಹೊಲಿಯುವ ಟೈಲರ್ ಜಯನಗರದಲ್ಲೂ ಸಿಗಲಿಕ್ಕಿಲ್ಲ. ಕಪ್ಪನ್ನು ಮಾತ್ರ ಹಾಗೇ ಕೊಳ್ಳುತ್ತೇವೆ. ಮೊದಲು ಬೇಕಾದದ್ದು ಗರ್ಭಕಂಠ, ಅಂದರೆ ಯೋನಿಯ ಒಳತುದಿಯಲ್ಲಿರುವ ಗರ್ಭಕೋಶದ ಬಾಯಿ, ಎಷ್ಟು ಮೇಲಿದೆ ಎಂಬ ಲೆಕ್ಕ.

ಅಳೆಯುವುದು ಮುಟ್ಟಿನ ದಿನಗಳಲ್ಲೇ. ಆಗ ಹೆಚ್ಚಿನವರಲ್ಲಿ ಗರ್ಭಕಂಠ ಕೆಳಗಿಳಿದಿರುತ್ತದೆ. ಬೇರೆ ದಿನ ಅಳೆದು ಉದ್ದದ ಕಪ್ ತಂದರೆ ಅದರ ಬುಡದ ತೊಟ್ಟು ಹೊರಗೆ ಚುಚ್ಚುತ್ತದೆ. ಎರಡು ದಿನ, ಬೆಳಿಗ್ಗೆ ಸಂಜೆ ನೋಡಿ; ಅತಿ ಕಡಿಮೆ ಬಂದದ್ದೇ ನಿಮ್ಮ ಅಳತೆ.

ಉಗುರು ಕತ್ತರಿಸಿ, ಸೋಪಿನಿಂದ ಕೈ ತೊಳೆದು, ಕುಕ್ಕರಗಾಲಲ್ಲಿ ಕೂತುಕೊಳ್ಳಿ. ತಿಣುಕಬೇಡಿ, ತಿಣುಕಿದರೆ ಅಳತೆ ತಪ್ಪುತ್ತದೆ. ನಡುಬೆರಳನ್ನು ನೆಟ್ಟಗೆ ಮೇಲಕ್ಕಲ್ಲ, ಬೆನ್ನಿನ ಬುಡದ ಕಡೆ ಓರೆಯಾಗಿ ಒಳಗೆ ಬಿಡಿ. ಸುತ್ತಲಿನ ಗೋಡೆ ಮೆತ್ತಗಿರುತ್ತದೆ. ಮೂಗಿನ ತುದಿಯಂತೆ ಗಟ್ಟಿಯಾಗಿ, ನಡುವೆ ಸಣ್ಣ ಗುಳಿಯೊಂದಿಗೆ ಸಿಗುವುದೇ ಗರ್ಭಕಂಠ. ಅದರ ತುದಿ ತಗುಲಿದೊಡನೆ ನಿಲ್ಲಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಬೆರಳು ಪಕ್ಕದ ಸಂದಿಗೆ ಜಾರಿದರೆ ಅಳತೆ ಸುಳ್ಳೇ ಹೆಚ್ಚುತ್ತದೆ. ಯೋನಿಯ ಬಾಯಿ ಬೆರಳಿನ ಎಲ್ಲಿಗೆ ಬಂತೋ ಅಲ್ಲಿ ಹೆಬ್ಬೆರಳು ಒತ್ತಿ ಹಿಡಿದು ಹೊರತೆಗೆದು, ಸ್ಕೇಲಿಗೆ ಹಿಡಿಯಿರಿ.

ಸುಮಾರು 4.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತಗ್ಗು, 5.5ರವರೆಗೆ ಮಧ್ಯಮ, ಅದಕ್ಕೂ ಮೇಲೆ ಅಥವಾ ಬೆರಳಿಗೇ ಸಿಗದಿದ್ದರೆ ಎತ್ತರ. ತೊಟ್ಟು ಬಿಟ್ಟು ಕಪ್ಪಿನ ಉದ್ದ ನಿಮ್ಮ ಅಳತೆಗಿಂತ ಚೂರು ಕಡಿಮೆಯೇ ಇರಲಿ. ತೊಟ್ಟನ್ನು ಆಮೇಲೆ ಕತ್ತರಿಸಬಹುದು, ಆದರೆ ಕಪ್ ಹೊರಗಿರುವಾಗ. ಗರ್ಭಕಂಠ ಎತ್ತರದಲ್ಲಿರುವವರು ಕತ್ತರಿಸಲೇಬೇಡಿ, ತೆಗೆಯುವಾಗ ಕೈಗೆ ಸಿಗದೆ ಪರದಾಡುತ್ತೀರಿ.

ಅಗಲದಲ್ಲಿ ಚಿಕ್ಕದಕ್ಕೂ ದೊಡ್ಡದಕ್ಕೂ ಹಲವು ಬ್ರ್ಯಾಂಡ್‌ಗಳಲ್ಲಿ ಬರೀ ಕೆಲವು ಮಿ.ಮೀ. ವ್ಯತ್ಯಾಸ. ಸಹಜ ಹೆರಿಗೆ ಆಗಿದ್ದು, ಸೀನಿದರೆ ಮೂತ್ರ ಜಿನುಗುವವರು ಅಗಲದ್ದನ್ನು ನೋಡಿ. ಅಗಲಕ್ಕಿಂತ ಕಪ್ಪಿನ ಬಿಗಿ, ಅಂದರೆ ಅದು ಎಷ್ಟು ಗಟ್ಟಿ ಎಂಬುದು, ಮುಖ್ಯ. ವ್ಯಾಯಾಮದಿಂದ ಸ್ನಾಯು ಗಟ್ಟಿಯಾದವರಲ್ಲಿ ಮೆತ್ತನೆಯ ಕಪ್ ಹಿಂಡಿ ಹೋಗಿ ಸೋರುತ್ತದೆ. ತೀರಾ ಬಿಗಿಯಾದದ್ದು ಮೂತ್ರಕೋಶವನ್ನು ಒತ್ತಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಗೋಳಾಡಿಸುತ್ತದೆ. ಮೊದಲ ಕಪ್ ಮಧ್ಯಮ ಬಿಗಿಯದ್ದೇ ಆಗಲಿ. ಹೆಚ್ಚು ಸ್ರಾವ ಎಂದು ದೊಡ್ಡದಕ್ಕೆ ಹೋಗಬೇಡಿ, ಇನ್ನೊಂದು ಸಲ ಖಾಲಿ ಮಾಡಿದರಾಯಿತು.

ಉದ್ದ-ಅಗಲವನ್ನು ಮಿ.ಮೀ.ನಲ್ಲಿ ಹಾಕದ, ಮೆಡಿಕಲ್ ಗ್ರೇಡ್ ಸಿಲಿಕೋನ್ ಎಂದು ಬರೆಯದ, ರಬ್ಬರ್ ವಾಸನೆಯ ಅಗ್ಗದ ಕಪ್ ಬೇಡವೇ ಬೇಡ. ತೆರೆದ ಕಪ್ಪನ್ನು ಸಾಮಾನ್ಯವಾಗಿ ವಾಪಸು ಪಡೆಯುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಒಂದೇ ಸೈಜ್ ಇದ್ದರೆ, ಅದೇ ಸಾಕು ಅಂದುಕೊಳ್ಳದೆ ಎದ್ದು ಬನ್ನಿ. ಕಾಪರ್-ಟಿ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಕಪ್ಪಿನ ಬುಡ ಅದುಮಿ ಗಾಳಿ ಬಿಡದೆ ಎಳೆದರೆ ಕಾಪರ್-ಟಿ ಜರುಗಬಹುದು.

ಬಳಕೆಗೆ ಮುನ್ನ ಕಪ್ ಮುಳುಗುವಷ್ಟು ನೀರಲ್ಲಿ ಐದು ನಿಮಿಷ ಕುದಿಸಿ. ಬೋರ್‌ವೆಲ್ ನೀರಾದರೆ ಬಿಳಿ ಪೊರೆ ಕಟ್ಟುತ್ತದೆ, ಫಿಲ್ಟರ್ ನೀರು ಮೇಲು.

ಸೋರಿದೊಡನೆ ಸೈಜ್ ಬದಲಿಸಬೇಡಿ. ಬುಡದ ಸುತ್ತ ಬೆರಳಾಡಿಸಿ. ಎಲ್ಲಾದರೂ ಮಡಿಕೆ ಸಿಕ್ಕರೆ ಕಪ್ ಒಳಗೆ ಅರಳಿಯೇ ಇಲ್ಲ. ಎರಡು ಮೂರು ತಿಂಗಳು ಹೀಗೆ ನೋಡಿಯೂ ಸೋರಿದರೆ ಮಾತ್ರ ಬೇರೆಯದನ್ನು ಹುಡುಕಿ.