ಕಲ್ಲು ಮಂಟಪದಿಂದ ವಾಪಸ್ ಬಂದ ದಿನ

ಕುಮಾರ ಪರ್ವತಕ್ಕೆ ಮೊದಲ ಸಲ ಹೊರಟಾಗ ನಾನು ತುದಿ ಮುಟ್ಟಲಿಲ್ಲ. ದಾರಿಯಲ್ಲಿ ಸಿಗುವ ಕಲ್ಲು ಮಂಟಪದವರೆಗೆ ಹೋಗಿ ವಾಪಸ್ ಬಂದೆ. ಈಗ ಶಾಲೆ, ಕಾಲೇಜುಗಳಲ್ಲಿ ಮಾತಾಡಲು ಕರೆದರೆ ನಾನು ಶುರು ಮಾಡುವುದೇ ಅಲ್ಲಿಂದ.

ಬೈಕ್ ಅಪಘಾತದಲ್ಲಿ ನನ್ನ ಬಲಗಾಲು ಹೋಯಿತು. ಮೊಣಕಾಲಿನ ಕೆಳಗೆ ತೆಗೆದರು. ಆಗ ನನಗೆ 26. ಇಲ್ಲದ ಪಾದದ ಹೆಬ್ಬೆರಳು ರಾತ್ರಿಯೆಲ್ಲ ಸೆಳೆಯುತ್ತಿತ್ತು. ಅಮ್ಮ ಪಕ್ಕದಲ್ಲಿ ಕೂತು, ಕಾಲೇ ಇಲ್ಲದ ಜಾಗದಲ್ಲಿ ಹೊದಿಕೆ ಸರಿ ಮಾಡುತ್ತಿದ್ದಳು. ಆ ದಿನಗಳಲ್ಲಿ ಅರುಣಿಮಾ ಸಿನ್ಹಾ ಅವರ ಬಗ್ಗೆ ಓದಿದೆ. 2011ರಲ್ಲಿ ಕಾಲು ಕಳೆದುಕೊಂಡವರು 2013ರ ಮೇ 21ರಂದು ಎವರೆಸ್ಟ್ ಮೇಲೆ ನಿಂತಿದ್ದರು. ನನಗೆ ಎವರೆಸ್ಟ್ ಬೇಕಿರಲಿಲ್ಲ. ಕಾಲೇಜಿನಲ್ಲಿದ್ದಾಗ ಹತ್ತಿದ್ದ ಬೆಟ್ಟಗಳನ್ನು ಇನ್ನೊಮ್ಮೆ ಹತ್ತಿದರೆ ಸಾಕಿತ್ತು.

ಕೃತಕ ಕಾಲು ಬಂದ ಮೇಲೆ ಮನೆಯ ಮಹಡಿ ಮೆಟ್ಟಿಲಿನಿಂದ ಶುರು ಮಾಡಿದೆ. ಆಮೇಲೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಅಂತ ಗೊತ್ತಾಗಿದ್ದು ಅಲ್ಲಿ. ನನ್ನ ಕೃತಕ ಪಾದ ಹಿಮ್ಮಡಿಯ ಹತ್ತಿರ ಮಡಚುವುದಿಲ್ಲ. ಇಳಿಜಾರಿನಲ್ಲಿ ಅದು ಇಡೀ ಮೈಯನ್ನು ಮುಂದಕ್ಕೆ ದೂಡುತ್ತದೆ. ಅದಕ್ಕೆ ಎರಡು ಕೋಲು ಹಿಡಿದು, ಅಡ್ಡಡ್ಡ ತಿರುಗಿ, ಕೃತಕ ಕಾಲನ್ನು ಮೊದಲು ಕೆಳಗಿಟ್ಟು ಇಳಿಯುವುದನ್ನು ಕಲಿತೆ. ಒಳ್ಳೆಯ ಕಾಲಿನ ಮಂಡಿ ವಾರಗಟ್ಟಲೆ ಊದಿಕೊಂಡಿತ್ತು.

ಇನ್ನೊಂದು ವಿಷಯ ಕಾಲ್ಚೀಲದ್ದು. ಕತ್ತರಿಸಿ ಉಳಿದ ಕಾಲಿನ ತುಂಡು ದಿನವಿಡೀ ಒಂದೇ ಗಾತ್ರ ಇರುವುದಿಲ್ಲ. ನಡೆದಂತೆಲ್ಲ ಸೊರಗುತ್ತದೆ. ಆಗ ಅದು ಸಾಕೆಟ್, ಅಂದರೆ ಕೃತಕ ಕಾಲಿನ ಮೇಲಿನ ಬಟ್ಟಲಿನಂಥ ಭಾಗದ ಒಳಗೆ ಕೆಳಕ್ಕೆ ಜಾರಿ, ಮೂಳೆಯ ತುದಿ ಒತ್ತತೊಡಗುತ್ತದೆ. ನಿಂತು, ಕಾಲು ಬಿಚ್ಚಿ, ಇನ್ನೊಂದು ಕಾಲ್ಚೀಲ ಸೇರಿಸಬೇಕು. ಬೆವರು ಬಂದರೆ ಚರ್ಮದ ಮೇಲೆ ಹಾಕುವ ಮೆತ್ತನೆಯ ಸಿಲಿಕೋನ್ ಹೊದಿಕೆ, ಅಂದರೆ ಲೈನರ್, ಜಾರುತ್ತದೆ. ಅದನ್ನೂ ತೆಗೆದು ಒರೆಸಬೇಕು.

ಇದೆಲ್ಲ ಗೊತ್ತಿದ್ದೂ ಮೊದಲ ಸಲ ಕುಮಾರ ಪರ್ವತದಲ್ಲಿ ನಾನು ನಿಲ್ಲಲಿಲ್ಲ. ಗೆಳೆಯರು ನನಗಾಗಿ ಕಾಯಬಾರದು ಅಂತ ನಾಚಿಕೆ. ಕುಕ್ಕೆಯಿಂದ ದಾರಿ ನಡುವಿನ ಭಟ್ಟರ ಮನೆವರೆಗೆ ದಟ್ಟ ಕಾಡಿನ ಏರು. ಅದಾದ ಮೇಲೆ ನೆರಳೇ ಇಲ್ಲದ ಹುಲ್ಲುಗಾವಲು. ಬಿಸಿಲು ನೆತ್ತಿಗೆ ಬಂದಿತ್ತು. ಕಲ್ಲು ಮಂಟಪದಲ್ಲಿ ಕೂತು ಲೈನರ್ ಎಳೆದಾಗ ಬೆವರು ನೀರಿನಂತೆ ಸುರಿಯಿತು. ಅದರಲ್ಲಿ ರಕ್ತವೂ ಇತ್ತು. ಮೂಳೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲ ಚರ್ಮ ಸುಲಿದಿತ್ತು.

"ಇನ್ನೇನು ಸ್ವಲ್ಪ ದೂರ ಅಲ್ವಾ, ಎತ್ತಿಕೊಂಡು ಹೋಗ್ತೀವಿ ಕಣೋ" ಅಂದರು ಗೆಳೆಯರು. ನಾನು ಬೇಡ ಅಂದೆ. ಮೂರು ವಾರ ಕೃತಕ ಕಾಲು ಹಾಕಲಾಗಲಿಲ್ಲ.

ಆ ಮೂರು ವಾರದಲ್ಲಿ ಟಾಮ್ ವಿಟೇಕರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಪಾದ ಕಳೆದುಕೊಂಡ ಅವರು 1998ರಲ್ಲಿ ಎವರೆಸ್ಟ್ ಏರಿದ್ದು ಮೂರನೇ ಪ್ರಯತ್ನದಲ್ಲಿ. ಎರಡು ಸಲ ವಾಪಸ್ ಬಂದಿದ್ದರು. ವಾಪಸ್ ಬಂದಿದ್ದಕ್ಕೇ ಮೂರನೇ ಸಲ ಹೋಗಲು ಉಳಿದಿದ್ದರು.

ನನ್ನ ಮೊದಲ ಭಾಷಣ ಒಂದು ಪ್ರೌಢಶಾಲೆಯಲ್ಲಿ. ಮನಸ್ಸಿದ್ದರೆ ಮಾರ್ಗ ಅಂತೆಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ಮುಗಿದ ಮೇಲೆ ಕಾಲಿಗೆ ಆಸರೆಯ ಕ್ಯಾಲಿಪರ್ ಪಟ್ಟಿ ಹಾಕಿದ್ದ ಹುಡುಗಿಯೊಬ್ಬಳು ಬಂದಳು. "ಸರ್, ನನಗೆ ಮನಸ್ಸಿದೆ. ಆದರೆ ಇಲ್ಲಿ ಟಾಯ್ಲೆಟ್‌ಗೆ ಹೋಗೋಕೆ ಐದು ಮೆಟ್ಟಿಲಿದೆ. ಹಿಡ್ಕೊಳ್ಳೋಕೆ ಏನೂ ಇಲ್ಲ. ಅದಕ್ಕೇ ಬೆಳಗ್ಗೆಯಿಂದ ನೀರು ಕುಡಿಯಲ್ಲ." ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ ಹೋದಲ್ಲೆಲ್ಲ ವೇದಿಕೆ ಹತ್ತುವ ಮೊದಲು ಹೆಡ್‌ಮಾಸ್ಟರ್ ಜೊತೆ ಶಾಲೆ ಒಂದು ಸುತ್ತು ಹಾಕುತ್ತೇನೆ. ಇಳಿಜಾರು ದಾರಿ, ಹಿಡಿಕಂಬಿ ಯಾರೋ ದಯೆಯಿಂದ ಕೊಡುವುದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅದು ಆ ಮಕ್ಕಳ ಹಕ್ಕು. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಆಮೇಲೆ ಮಕ್ಕಳ ಮುಂದೆ ಕೂತು ಕಾಲು ಬಿಚ್ಚುತ್ತೇನೆ. ಸಾಕೆಟ್, ಲೈನರ್, ಕಾಲ್ಚೀಲ ಅವರ ಕೈಯಿಂದ ಕೈಗೆ ಹೋಗುತ್ತವೆ. ಸುಲಿದ ಗಾಯದ ಕಲೆ ತೋರಿಸುತ್ತೇನೆ. ಆಗ ಅವರು ನಿಜವಾದ ಪ್ರಶ್ನೆ ಕೇಳುತ್ತಾರೆ. "ನಿಮಗೆ ಭಯ ಆಗಲ್ವಾ ಸರ್?" ಆಗುತ್ತದೆ ಅನ್ನುತ್ತೇನೆ. ಮುಖ್ಯವಾಗಿ ಇಳಿಯುವಾಗ.

ಕಲ್ಲು ಮಂಟಪದಿಂದ ವಾಪಸ್ ಬಂದ ಮರುವರ್ಷ ಡಿಸೆಂಬರಿನಲ್ಲಿ ಕುಮಾರ ಪರ್ವತಕ್ಕೆ ಮತ್ತೆ ಹೋದೆ. ಈ ಸಲ 40 ನಿಮಿಷಕ್ಕೊಮ್ಮೆ ನಿಲ್ಲುವುದು ಅಂತ ಮೊದಲೇ ಮಾತಾಗಿತ್ತು. ನಿಂತಾಗಲೆಲ್ಲ ಒಬ್ಬ ಗೆಳೆಯ ಟವೆಲ್ ಹಿಡಿಯುತ್ತಿದ್ದ, ಇನ್ನೊಬ್ಬ ಕಾಲ್ಚೀಲ ಕೊಡುತ್ತಿದ್ದ. ಕಲ್ಲು ಮಂಟಪದಲ್ಲಿ ಲೈನರ್ ತೆಗೆದಾಗ ಚರ್ಮ ಬರೀ ಕೆಂಪಾಗಿತ್ತು. ಶೇಷ ಪರ್ವತ ದಾಟಿ, ಕಾಡಿಗೆ ಇಳಿದು, ಕೊನೆಯ ಬಂಡೆಯನ್ನು ಕೈಯೂರಿ, ಕೂತು ಕೂತು ಹತ್ತಿದೆ. 1712 ಮೀಟರ್. ಮಂಜು ಕೆಳಗಿತ್ತು. ತುದಿಯಲ್ಲಿ ಹದಿನೈದು ನಿಮಿಷ ಮಾತ್ರ ಕೂತೆವು. ನನಗೆ ಇಳಿಯಲು ಬೆಳಕು ಬೇಕಿತ್ತು.