ಗೊನೆ ಹೊತ್ತ ಬಾಳೆ ಬುಡಸಮೇತ ಬಿತ್ತೇ? ಬೇರು ಸೀಳಿ ನೋಡಿ

ಮುಂಗಾರಿಗೆ ಮುಂಚಿನ ಗಾಳಿ ಬೀಸಿದ ಮರುದಿನ ಗುಬ್ಬಿ, ತುರುವೇಕೆರೆ ಕಡೆಯ ಅಡಿಕೆ ತೋಟಗಳಿಗೆ ಹೋಗಿ ನೋಡಿ. ಅರ್ಧ ಬಲಿತ ಗೊನೆ ಹೊತ್ತ ಏಲಕ್ಕಿ ಬಾಳೆ ಅಲ್ಲಲ್ಲಿ ಮಗುಚಿ ಬಿದ್ದಿರುತ್ತದೆ. ನಮ್ಮ ತೋಟದಲ್ಲೂ ಎರಡು ವರ್ಷ ಹೀಗೇ ಆಯಿತು. ಗಾಳಿಯ ಕೆಲಸ ಅಂದುಕೊಂಡು ಕವೆಗೋಲು ಕೊಟ್ಟು ಸುಮ್ಮನಾದೆವು. ಮೂರನೇ ವರ್ಷ ಬಿದ್ದ ಗಿಡದ ಬುಡ ನೋಡಿದೆ. ಹಿಡಿದುಕೊಳ್ಳಲು ಅದಕ್ಕೆ ಬೇರೇ ಇರಲಿಲ್ಲ. ಅದೇ ಗಾಳಿಗೆ ಮೈಯೊಡ್ಡಿದ ಪಕ್ಕದ ಸಾಲು ನೆಟ್ಟಗೆ ನಿಂತಿತ್ತು.

ಬೇರು ತಿಂದದ್ದು ಬಿಲ ಕೊರೆಯುವ ಜಂತುಹುಳು. ವಿಜ್ಞಾನದ ಹೆಸರು ರಾಡೊಫೋಲಸ್ ಸಿಮಿಲಿಸ್. ಉದ್ದ ಒಂದು ಮಿಲಿಮೀಟರ್‌ಗೂ ಕಡಿಮೆ, ಬರಿಗಣ್ಣಿಗೆ ಸಿಗುವುದಿಲ್ಲ. ಕಾಬ್ ಎಂಬ ವಿಜ್ಞಾನಿ 1893ರಲ್ಲಿ ಫಿಜಿ ದ್ವೀಪದ ಬಾಳೆ ಬೇರಿನಲ್ಲಿ ಇದನ್ನು ಗುರುತಿಸಿದರು. ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1966ರಲ್ಲಿ, ಕೇರಳದಿಂದ. ಬೇರಿನೊಳಗೆ ಹೊಕ್ಕು, ಸಿಪ್ಪೆಯ ಭಾಗವನ್ನು ತಿನ್ನುತ್ತಾ ಸುರಂಗ ಕೊರೆಯುತ್ತದೆ. ಅಲ್ಲೇ ಮೊಟ್ಟೆ ಇಡುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ ಮೂರು ವಾರ ಕಳೆಯುವಷ್ಟರಲ್ಲಿ ಹೊಸ ಪೀಳಿಗೆ ತಯಾರು. ಬೇರು ಕೊಳೆತರೆ ಇನ್ನೊಂದು ಬೇರಿಗೆ ಹೋಗುತ್ತದೆ, ಗಡ್ಡೆಗೂ ಇಳಿಯುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ಬೆಳೆಗಾರರಿಗೆ ಬೇರುಗಂಟು ಹುಳು ಚೆನ್ನಾಗಿ ಗೊತ್ತು. ಅದು ಬೇರಿನಲ್ಲಿ ಗಂಟು ಮಾಡುತ್ತದೆ, ಕಿತ್ತ ತಕ್ಷಣ ಕಾಣುತ್ತದೆ. ಇದು ಗಂಟು ಮಾಡುವುದಿಲ್ಲ. ಹಾಗಾಗಿಯೇ ನಾವು ಮೋಸಹೋಗುವುದು.

ಮೊದಲು ಪತ್ತೆ ಮಾಡಿ

ಪೂರ್ತಿ ಸತ್ತ ಗಿಡವನ್ನು ಅಗೆಯಬೇಡಿ, ಅಲ್ಲಿಂದ ಹುಳು ಆಗಲೇ ಜಾಗ ಖಾಲಿ ಮಾಡಿರುತ್ತದೆ. ಸೊರಗುತ್ತಿರುವ ಐದಾರು ಗಿಡ ಆರಿಸಿ. ಬುಡದಿಂದ ಒಂದು ಗೇಣು ದೂರದಲ್ಲಿ ಅಗೆದು, ಬೆರಳು ಗಾತ್ರದ ಬೇರು ತೆಗೆದು ತೊಳೆಯಿರಿ. ಬ್ಲೇಡಿನಿಂದ ಉದ್ದುದ್ದ ಸೀಳಿ. ಒಳಗಿನ ನಡುದಿಂಡು ಬೆಳ್ಳಗಿದ್ದು, ಅದರ ಸುತ್ತಲಿನ ಭಾಗ ಕೆಂಪು-ಕಂದಾಗಿದ್ದರೆ ಅನುಮಾನ ಗಟ್ಟಿ. ಅಡಿಕೆಯ ಎಳೆ ಬೇರಿನಲ್ಲಾದರೆ ಕಿತ್ತಳೆ ಬಣ್ಣದ ಗಾಯ ಕಾಣುತ್ತದೆ.

ಖಚಿತವಾಗಲು ಲ್ಯಾಬ್ ಪರೀಕ್ಷೆಯೇ ಬೇಕು. ಬೇರಿನ ಸುತ್ತಲಿನ ಕಾಲು ಕೆ.ಜಿ. ಹಸಿ ಮಣ್ಣು, ಒಂದು ಹಿಡಿ ಬೇರು ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ. ಬಿಸಿಲಿಗೆ ಇಡಬೇಡಿ, ಬೈಕಿನ ಡಿಕ್ಕಿಯಲ್ಲಿ ಮರೆಯಲೂಬೇಡಿ. ಹುಳು ಸತ್ತರೆ ವರದಿಯಲ್ಲಿ ಏನೂ ಸಿಗುವುದಿಲ್ಲ. ತುಮಕೂರಿನವರಿಗೆ ಹಿರೇಹಳ್ಳಿ ಮತ್ತು ತಿಪಟೂರು ಹತ್ತಿರದ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಮಾದರಿ ಎಲ್ಲಿಗೆ ಕೊಡಬೇಕು ಅಂತ ಅಲ್ಲಿ ಕೇಳಿ.

ಕಂದು ತರುವಾಗಲೇ ಎಚ್ಚರ

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಈ ಹುಳು ಮಣ್ಣಿನಲ್ಲಿ ತಾನಾಗಿ ಬಹಳ ದೂರ ಹೋಗಲಾರದು. ನಾವೇ ಅದನ್ನು ಗಾಡಿಯಲ್ಲಿ ಕೂರಿಸಿ ತರುತ್ತೇವೆ. ಎಳೆ ಅಡಿಕೆಗೆ ನೆರಳಾಗಲಿ ಅಂತ ಬಾಳೆ ಹಾಕುತ್ತೇವೆ, ಪರಿಚಯದವರ ತೋಟದಿಂದ ಕಂದು, ಅಂದರೆ ಬಾಳೆಯ ಬುಡದಲ್ಲಿ ಹುಟ್ಟುವ ಮರಿ, ಕಿತ್ತು ತರುತ್ತೇವೆ. ಕಂದಿನ ಗಡ್ಡೆಯೊಳಗೆ ಹುಳು ಬರುತ್ತದೆ. ಬಾಳೆಯಿಂದ ಅಡಿಕೆಗೆ, ವೀಳ್ಯದೆಲೆಗೆ, ತೆಂಗಿಗೆ, ಮೆಣಸಿನ ಬಳ್ಳಿಗೆ ದಾಟುತ್ತದೆ. ಬಾಳೆ ಎರಡು ಮೂರು ವರ್ಷದ ಬೆಳೆ, ಅಡಿಕೆ ಮೊಮ್ಮಕ್ಕಳ ಕಾಲದವರೆಗಿನದು. ನಷ್ಟ ಎಲ್ಲಿ ಜಾಸ್ತಿ ಅಂತ ಯೋಚಿಸಿ.

ಗಿಡ ಬೀಳದ, ಬೇರು ಬೆಳ್ಳಗಿರುವ ತೋಟದಿಂದ ಮಾತ್ರ ಕಂದು ಆರಿಸಿ. ಒಂದು, ಒಂದೂವರೆ ಕೆ.ಜಿ. ತೂಗುವ ಕತ್ತಿಕಂದು (ಕತ್ತಿಯಂತೆ ಕಿರಿದಾದ ಎಲೆಯ ಕಂದು) ಒಳ್ಳೆಯದು. ಬೇರುಗಳನ್ನೆಲ್ಲ ಸವರಿ, ಗಡ್ಡೆಯ ಮೇಲ್ಮೈಯನ್ನು ಹರಿತವಾದ ಮಚ್ಚಿನಿಂದ ತೆಳ್ಳಗೆ ಹೆರೆಯಿರಿ. ಕಂದು ಬಣ್ಣದ ಕಲೆ ಹೋಗಿ ಬಿಳಿ ತಿರುಳು ಕಾಣಬೇಕು. ಎಷ್ಟು ಹೆರೆದರೂ ಕಲೆ ಒಳಗೇ ಇಳಿದಿದ್ದರೆ ಆ ಕಂದನ್ನು ಬಿಟ್ಟುಬಿಡಿ. ಹೆರೆದ ಸಿಪ್ಪೆಯನ್ನು ಕಾಲುವೆಗೆ, ತಿಪ್ಪೆಗೆ ಎಸೆಯದೆ ಒಣಗಿಸಿ ಸುಡಿ.

ಆಮೇಲೆ ಬಿಸಿನೀರಿನ ಉಪಚಾರ. 55 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 20 ನಿಮಿಷ. ದೊಡ್ಡ ಹಂಡೆ ಅಥವಾ ಡ್ರಮ್ ಸಾಕು, ಆದರೆ ಕೈ ಅದ್ದಿ ಅಂದಾಜು ಮಾಡಬೇಡಿ. ಜ್ವರ ನೋಡುವ ಥರ್ಮಾಮೀಟರ್ ಅಷ್ಟು ಬಿಸಿ ತೋರಿಸುವುದಿಲ್ಲ, 100 ಡಿಗ್ರಿವರೆಗೆ ಅಳೆಯುವುದನ್ನು ಕೊಳ್ಳಿ. ಕಂದು ಮುಳುಗಿಸಿದ ಕೂಡಲೇ ನೀರು ತಣಿಯುತ್ತದೆ. ಮತ್ತೆ 55ಕ್ಕೆ ಬಂದ ಮೇಲೆ ನಿಮಿಷ ಎಣಿಸಿ. ಪಕ್ಕದಲ್ಲಿ ಇನ್ನೊಂದು ಪಾತ್ರೆಯಲ್ಲಿ ಕುದಿನೀರು ಇಟ್ಟುಕೊಂಡು ಸ್ವಲ್ಪ ಸ್ವಲ್ಪ ಬೆರೆಸಿ, ಕೋಲಿನಿಂದ ಕದಡುತ್ತಿರಿ. ಬಿಸಿ ಜಾಸ್ತಿಯಾದರೆ ಮೊಳಕೆಯೇ ಬೆಂದುಹೋಗುತ್ತದೆ, ಕಮ್ಮಿಯಾದರೆ ಹುಳು ಉಳಿಯುತ್ತದೆ. ನಮ್ಮಲ್ಲಿ ಮೊದಲ ಸಲ ಒಂದು ಹಂಡೆ ಕಂದು ಹಾಗೇ ಬೆಂದವು. ಆಮೇಲಿಂದ ಒಬ್ಬರು ಉರಿ ನೋಡಿಕೊಳ್ಳುವುದು, ಒಬ್ಬರು ಥರ್ಮಾಮೀಟರ್ ಹಿಡಿಯುವುದು ಅಂತ ಹಂಚಿಕೊಂಡೆವು. ತೆಗೆದ ಕಂದನ್ನು ನೆರಳಿನಲ್ಲಿ ಆರಿಸಿ ನೆಡಿ.

ಲ್ಯಾಬಿನಲ್ಲಿ ಬೆಳೆಸಿದ ಅಂಗಾಂಶ ಕೃಷಿಯ ಸಸಿ ತಂದರೆ ಈ ಕೆಲಸವಿಲ್ಲ. ಆದರೆ ಹುಳು ಇರುವ ಮಣ್ಣಿನಲ್ಲಿ ನೆಟ್ಟರೆ ಅದಕ್ಕೂ ಹತ್ತುತ್ತದೆ.

ಮಣ್ಣು ಆಗಲೇ ಕೆಟ್ಟಿದ್ದರೆ

ಹಳೆ ಬಾಳೆಯ ಗಡ್ಡೆಗಳನ್ನು ಒಂದೂ ಬಿಡದೆ ಕಿತ್ತು ಹಾಕಿ. ಬಾಳೆ, ಶುಂಠಿ, ಅರಿಶಿನ ಯಾವುದೂ ಇಲ್ಲದೆ ಆರು ತಿಂಗಳು ಕಳೆಯಲಿ. ಬೇರು ಸಿಗದ ಹುಳು ಮಣ್ಣಿನಲ್ಲಿ ಬಹುಕಾಲ ಬದುಕುವುದಿಲ್ಲ. ಆ ಅವಧಿಗೆ ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಚೆಂಡುಹೂ ಕೂಡ ಒಳ್ಳೆಯದು, ದುಡ್ಡೂ ಬರುತ್ತದೆ ಅಲ್ವಾ? ನಿಂತ ಅಡಿಕೆ ತೋಟದಲ್ಲಿ ಖಾಲಿ ಬಿಡುವ ಮಾತಿಲ್ಲ. ಅಲ್ಲಿ ಬಾಳೆ ತೆಗೆದು, ಬುಡಕ್ಕೆ ಬೇವಿನ ಹಿಂಡಿ, ಚೆನ್ನಾಗಿ ಕಳಿತ ಗೊಬ್ಬರ ಕೊಡಿ.

ಹೊಸ ಬಾಳೆ ಗುಂಡಿಗೆ ಕಾಲು ಕೆ.ಜಿ. ಬೇವಿನ ಹಿಂಡಿ ಹಾಕಿ. ಜೊತೆಗೆ ಒಂದು ಟನ್ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ, ಸೂಡೋಮೊನಾಸ್, ಪರ್ಪ್ಯೂರಿಯೋಸಿಲಿಯಂ ಲಿಲಾಸಿನಂ ಎಂಬ ಉಪಕಾರಿ ಸೂಕ್ಷ್ಮಜೀವಿಗಳ ಪುಡಿ ತಲಾ ಎರಡು ಕೆ.ಜಿ. ಬೆರೆಸಿ. ನೆರಳಿನಲ್ಲಿ ರಾಶಿ ಹಾಕಿ, ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ 15 ದಿನ ಬಿಡಿ. ನಡುವೆ ಒಂದೆರಡು ಸಲ ತಿರುವಿ. ಪ್ಯಾಕೆಟ್ ಕೊಳ್ಳುವಾಗ ತಾರೀಖು ನೋಡಿ. ಒಳಗಿರುವುದು ಜೀವ, ಹಳತಾದರೆ ಪ್ರಯೋಜನವಿಲ್ಲ.

ಹುಳು ಕೊಲ್ಲಲು ಮಣ್ಣಿಗೆ ಹಾಕುವ ವಿಷದ ಹರಳಿನ ವಿಚಾರ ಅಂಗಡಿಯವರ ಮಾತು ಕೇಳಿ ತೀರ್ಮಾನಿಸಬೇಡಿ. ವೀಳ್ಯದೆಲೆ ತೋಟದಲ್ಲಂತೂ ಬೇಡವೇ ಬೇಡ. ಎಲೆಯನ್ನು ಜನ ಹಸಿಯಾಗೇ ಬಾಯಿಗೆ ಹಾಕಿಕೊಳ್ಳುತ್ತಾರೆ.

ಕೂಲಿಯವರ ಗುದ್ದಲಿ, ಬಾಡಿಗೆ ಟ್ರ್ಯಾಕ್ಟರಿನ ಚಕ್ರಕ್ಕೆ ಅಂಟಿದ ಮಣ್ಣಿನಲ್ಲೂ ಹುಳು ಬರುತ್ತದೆ. ಗೇಟಿನ ಹತ್ತಿರ ಒಂದು ಪೈಪ್ ಇಟ್ಟು ತೊಳೆಸಿ. ಆ ನೀರು ತೋಟದ ಕಡೆ ಹರಿಯದಂತೆ ನೋಡಿಕೊಳ್ಳಿ. ನೆಟ್ಟು ಆರು ತಿಂಗಳಾದ ಮೇಲೆ ನಾಲ್ಕು ಗಿಡದ ಬೇರು ಮತ್ತೆ ಸೀಳಿ ನೋಡಿ. ಬೆಳ್ಳಗಿದ್ದರೆ ಆ ಸಾಲಿನ ಕಂದನ್ನೇ ಮುಂದಿನ ಸಲಕ್ಕೆ ಗುರುತು ಮಾಡಿಡಿ.